ಮೊದಲ ಅಕ್ಷರದ ಕೆಳಗಿನ ಬಣ್ಣ

“ರೀ... ಕೈ ತೆಗೀರಿ! ಅದನ್ನ ಮುಟ್ಟಬ್ಯಾಡ್ರಿ!”

ಜಗಳೂರು ಬಸ್ ಸ್ಟ್ಯಾಂಡ್ ಎದುರಿನ ‘ಜಂಪಣ್ಣ ಆರ್ಟ್ಸ್’ ಅಂಗಡಿಯಲ್ಲಿ ಗಂಗೋತ್ರಿ ಕೂಗಿದ ರಭಸಕ್ಕೆ ಆ ಯುವಕ ಬೆಚ್ಚಿ ಹಿಂದೆ ಸರಿದ. ಬಂದಿದ್ದು ಬೈಕಿಗೆ ನಂಬರ್ ಪ್ಲೇಟ್ ಬರೆಸಲು. ಕಣ್ಣೆಲ್ಲ ಮಾತ್ರ ಗೋಡೆಗೆ ತೂಗುಹಾಕಿದ್ದ ಮೊಳದಗಲದ ಹಳದಿ ತಗಡಿನ ಮೇಲೆ!

ಎದುರಿಗೆ ಇಷ್ಟು ಚೆಂದದ ಹುಡುಗಿ ನಿಂತಿರುವಾಗ ತಗಡು ನೋಡುವ ಗಂಡಸಿಗೆ ಏನು ಹೇಳೋಣ?

“ಈ ರಿವಿಟ್ ಸಾಲು ನೋಡ್ರಿ... ಇದು ವ್ಯಾಂಪೈರ್ ವಿಮಾನದ ರೆಕ್ಕೆ ಕೆಳಗಿನ ಮುಚ್ಚಳ. ನಮ್ಮ ದೇಶಕ್ಕೆ ಬಂದ ಮೊದಲ ಜೆಟ್ ಫೈಟರ್! ನಿಮಗೆ ಹೆಂಗೆ ಸಿಕ್ತು?”

“ನಮ್ಮ ತಾತ ಏರ್‌ಫೋರ್ಸ್‌ನಾಗೆ ವಿಮಾನಕ್ಕೆ ಬಣ್ಣ ಹೊಡೀತಿದ್ರು. ಗುಜರಿಗೆ ಹಾಕಿದ್ದನ್ನ ತಂದಿದ್ರಂತೆ. ಈಗೇನು?”

ಅವನು ವಿನಯ್ ಕುಮಾರ್. ಹೊನ್ನಾಳಿಯಲ್ಲಿ ಕಾರುಗಳಿಗೆ ಪೇಂಟ್ ಮಾಡುವ ಶಾಪ್ ಇಟ್ಟಿದ್ದ. ಬಿಡುವಿನಲ್ಲಿ ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿ ಮಾಡುವ ಹುಚ್ಚು. ಅಂಗೈಯಷ್ಟು ವಿಮಾನ, ಆದರೆ ಬಣ್ಣ ಕೂದಲೆಳೆಯಷ್ಟೂ ತಪ್ಪಬಾರದು! ವ್ಯಾಂಪೈರ್‌ನ ಹೊಟ್ಟೆಯ ಬಣ್ಣಕ್ಕಾಗಿ ಮೂರು ವರ್ಷ ಹುಡುಕಿದ್ದ. ಅವನಿಗೆ ಸಿಕ್ಕ ಫೋಟೊಗಳೆಲ್ಲ ಕಪ್ಪು ಬಿಳುಪು. ಒಂದು ಪುಸ್ತಕ ಬೂದು ಅಂದರೆ ಇನ್ನೊಂದು ನೀಲಿ ಅನ್ನುತ್ತಿತ್ತು.

ಮುಂದಿನ ಭಾನುವಾರವೂ ಬಂದ. ಅದರ ಮುಂದಿನ ಭಾನುವಾರವೂ.

“ಇರೋದು ಒಂದು ಬೈಕು. ಎಷ್ಟು ನಂಬರ್ ಪ್ಲೇಟ್ ಬರೆಸ್ತೀರಿ?” ಎಂದು ಅವಳು ನಕ್ಕಳು. ಅವನ ಕಿವಿ ಕೆಂಪಾಯಿತು. ‘ನನಗಾಗಿ ಬರ್ತಾನಾ, ತಗಡಿಗಾಗಿ ಬರ್ತಾನಾ?’ ಎಂದು ಅವಳು ದಾರಿ ಕಾಯತೊಡಗಿದಳು.

ಒಂಬತ್ತನೆಯ ಭಾನುವಾರ ಅವಳೇ ತಗಡಿನ ಕಥೆ ಹೇಳಿದಳು. ಅವಳ ಪ್ರತಿ ಹುಟ್ಟುಹಬ್ಬಕ್ಕೂ ಅಪ್ಪ ಜಂಪಣ್ಣ ಅದಕ್ಕೆ ಅವಳು ಆರಿಸಿದ ಬಣ್ಣ ಬಳಿದು, ನಡುವೆ ‘ಗಂಗಾ’ ಎಂದು ಬರೆಯುತ್ತಿದ್ದ. ಇಪ್ಪತ್ತೆರಡು ಪದರ! ಕೊನೆಯದನ್ನು ಹಾಸಿಗೆ ಹಿಡಿದ ಮೇಲೆ ಬರೆದಿದ್ದು. ಊರಿನ ಬೋರ್ಡೆಲ್ಲ ಬರೆದ ಕೈ, ಮಗಳ ಹೆಸರು ಬರೆಯುವಾಗ ನಡುಗಿತ್ತು. ಹದಿನೈದು ದಿನಕ್ಕೆ ಅವನೇ ಇರಲಿಲ್ಲ.

“ತಗೊಂಡು ಹೋಗ್ರಿ,” ಎಂದು ಕೊಟ್ಟೇಬಿಟ್ಟಳು. “ಮೂಲೆಯಾಗೆ ತಿಕ್ಕಿ ನೋಡ್ರಿ. ಹೆಸರು ಮಾತ್ರ ಮುಟ್ಟಬ್ಯಾಡ್ರಿ.”

“ನಿಮ್ಮಾಣೆ ಮುಟ್ಟಲ್ಲ.”

ವಾರದ ನಂತರ ಟವೆಲ್‌ನಲ್ಲಿ ಸುತ್ತಿ ತಂದ. ಅವಳ ಮುಂದಿಟ್ಟ. ಅವಳೇ ಬಿಚ್ಚಿದಳು.

‘ಗಾ’ ಮಾತ್ರ ಉಳಿದಿತ್ತು!

‘ಗಂ’ ಇದ್ದ ಜಾಗದಲ್ಲಿ ಹತ್ತು ರೂಪಾಯಿ ನಾಣ್ಯದಗಲದ ಗುಳಿ. ಸುತ್ತ ಹಸಿರು, ಗುಲಾಬಿ, ಕೇಸರಿ... ಅವಳ ಹುಟ್ಟುಹಬ್ಬಗಳೆಲ್ಲ ಒಂದರೊಳಗೊಂದು ಉಂಗುರವಾಗಿ ಕಾಣುತ್ತಿದ್ದವು. ನಡುವೆ ನೀಲಿ ಬೆರೆತ ಬೂದು ಬಣ್ಣದ ಒಂದು ಚುಕ್ಕೆ.

“ಕೈ ಜಾರಿತಲ್ವಾ?” ಎಂದಳು. ‘ಜಾರಿತು ಅಂದುಬಿಡು ಮಾರಾಯ... ಸುಳ್ಳಾದರೂ ಸರಿ, ಕ್ಷಮಿಸಿಬಿಡ್ತೀನಿ!’

“ಇಲ್ಲ,” ಎಂದ ವಿನಯ್. “ನಾಕೂ ಮೂಲೆ ತಿಕ್ಕಿದೆ. ಹಳೇ ಬಣ್ಣ ಎಲ್ಲೂ ಇರ್ಲಿಲ್ಲ. ನಡುವೆ ಉಳಿದಿರಬಹುದು ಅನ್ನಿಸ್ತು. ಅಕ್ಷರ ಅಂತ ಗೊತ್ತಿದ್ದೇ ತಿಕ್ಕಿದೆ.”

“ಬಣ್ಣ ಸಿಕ್ತಲ್ಲ, ಹೋಗ್ರಿ. ನೀವು ಬರ್ತಿದ್ದಿದ್ದೂ ಅದಕ್ಕೇ.”

“ಅದಕ್ಕಲ್ಲ ಗಂಗೋತ್ರಿ...”

“ಹೋಗ್ರೀ!”

ಅವನ ನಂಬರ್ ಬ್ಲಾಕ್ ಮಾಡಿದಳು. ನಾಲ್ಕು ತಿಂಗಳಲ್ಲಿ ಎರಡು ಸಲ ಅಂಗಡಿ ತನಕ ಬಂದವನಿಗೆ ಮುಖದ ಮೇಲೇ ಶಟರ್ ಎಳೆದಳು. ಹಾಗೆ ಎಳೆದಾಗೆಲ್ಲ ಒಳಗೆ ಕುಳಿತು ಅತ್ತಳು. ಅತ್ತಿದ್ದು ಅಪ್ಪನಿಗೋ ಇವನಿಗೋ, ಅವಳಿಗೇ ತಿಳಿಯಲಿಲ್ಲ.

ಅವಳ ಹುಟ್ಟುಹಬ್ಬ ಬಂತು. ಬಣ್ಣ ಬಳಿಯಲು ಅಪ್ಪನ ಕೈಯಿಲ್ಲ. ಗೋಡೆಯ ಮೇಲಿನ ಅರ್ಧ ಹೆಸರು ಕಂಡು ಸಿಟ್ಟು ನೆತ್ತಿಗೇರಿತು. ತಗಡನ್ನೂ ಒಂದು ಸುತ್ತಿಗೆಯನ್ನೂ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದಳು.

ಹೊನ್ನಾಳಿಯ ಶಾಪ್‌ನಲ್ಲಿ ವಿನಯ್ ಕಾರಿನ ಬಾಗಿಲು ತಿಕ್ಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಎಲ್ಲಿ ನಿಮ್ಮ ವಿಮಾನ?” ಎಂದು ಅವಳು ಬ್ಯಾಗಿನಿಂದ ಸುತ್ತಿಗೆ ಹೊರತೆಗೆದಳು.

ಅವನು ಸುತ್ತಿಗೆ ನೋಡಿದ. ಒಳಗೆ ಹೋಗಿ ವಿಮಾನ ತಂದು ಅವಳ ಮುಂದಿಟ್ಟ. ಮಗುಚಿ ತೋರಿಸಿದ. ಹೊಟ್ಟೆಗೆ ಬಣ್ಣವೇ ಇರಲಿಲ್ಲ, ಬರೀ ಪ್ಲಾಸ್ಟಿಕ್! ಪಕ್ಕದಲ್ಲಿ ಒಂದು ಪುಟ್ಟ ಬಾಟಲಿ ಇಟ್ಟ.

“ಬಣ್ಣ ಕಲಸಿಟ್ಟೀನಿ. ಹಚ್ಚಾಕೆ ಕೈ ಬರ್ಲಿಲ್ಲ. ಒಡೀರಿ.”

ಅವಳು ಕೈ ತಡೆಯುತ್ತಾಳೆ ಅಂದುಕೊಂಡಿರಾ? ಒಡೆದಳು! ಒಂದೇ ಏಟಿಗೆ ರೆಕ್ಕೆ ಮುರಿದು ಹಾರಿತು. ಎರಡನೆಯದಕ್ಕೆ ಮೂರು ವರ್ಷ ಪುಡಿಯಾಯಿತು. ಅವನ ಕಣ್ಣು ತುಂಬಿತು, ಕಾಲು ಕದಲಲಿಲ್ಲ.

“ಈಗ ಸಮ ಆತಾ?” ಏದುಸಿರು ಬಿಡುತ್ತ ಕೇಳಿದಳು.

“ಇಲ್ಲ. ನಾನು ಇನ್ನೊಂದು ಮಾಡ್ಕೋಬಹುದು.”

ಅವಳ ಕೈಯಿಂದ ಸುತ್ತಿಗೆ ಕೆಳಗೆ ಬಿತ್ತು.

“ನಿಜ ಹೇಳ್ರಿ... ನಿಮಗೆ ನಾನು ಒಂದು ಬಣ್ಣಕ್ಕಿಂತ ಕಡಿಮೆಯಾದ್ನಾ?”

ಅವನು ತಲೆ ತಗ್ಗಿಸಿದ. “ಆ ಒಂದು ಗಳಿಗೆ... ಹೌದು. ಆಮ್ಯಾಲೆ ಒಂದು ದಿನಾನೂ ಇಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಗಂಗೋತ್ರಿ. ಸುಳ್ಳು ಹೇಳಿ ನಿಮ್ಮನ್ನ ಪಡೆಯಾಕೆ ಆಗಲ್ಲ.”

ಎದೆಗೆ ಚೂರಿ ಹಾಕಿದಂತಾಯಿತು. ಎಂಥ ನಿರ್ದಯಿ! ಆದರೂ... ಅವತ್ತು ‘ಕೈ ಜಾರಿತು’ ಎಂಬ ಎರಡೇ ಮಾತು ಸಾಕಿತ್ತು. ತನ್ನನ್ನು ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ಇವನು ಹೇಳಲಿಲ್ಲ.

 ಅವಳು ಬ್ಯಾಗಿನಿಂದ ತಗಡು ತೆಗೆದು ಅವನ ಮುಂದಿಟ್ಟು, ಬಾಟಲಿಯ ಮುಚ್ಚಳ ತಿರುಗಿಸಿದಳು.

“ಇವತ್ತು ನನ್ನ ಹುಟ್ಟುಹಬ್ಬ. ಈ ಸಲದ ಬಣ್ಣ ಇದೇ. ಅಳಿಸಿದ ಅಕ್ಷರ ನೀವೇ ಬರೀರಿ.”

“ನಾನಾ? ಅಲ್ಲೇ ಬರೆದ್ರೆ ಆ ಹಳೇ ಬಣ್ಣ ಮುಚ್ಚಿಹೋಗ್ತೈತಲ್ರೀ...”

“ಮುಚ್ಚಿಹೋಗ್ಲಿ!”

ಅವನು ಬ್ರಷ್ ಅದ್ದಿದ. ಕೂದಲೆಳೆಯಷ್ಟೂ ತಪ್ಪದ ಕೈ ಗಡಗಡ ನಡುಗಿತು. ಮೂರು ವರ್ಷ ಹುಡುಕಿದ ಚುಕ್ಕೆಯ ಮೇಲೇ ‘ಗಂ’ ಎಂದು ಬರೆದ. ಪಕ್ಕದಲ್ಲಿ ಅಪ್ಪನ ‘ಗಾ’ ಇತ್ತು.

“ಸೊಟ್ಟ ಆತು...”

“ಇರ್ಲಿ. ಅಪ್ಪಂದೂ ಸೊಟ್ಟನೇ ಐತೆ.” ಅವಳು ಅವನ ನಡುಗುವ ಕೈ ಹಿಡಿದುಕೊಂಡಳು.

“ಮಾಫ್ ಮಾಡಿದ್ರಾ?”

“ಇಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಕೇಳ್ರಿ.”

“ಅಲ್ಲೀತನಕ... ಭಾನುವಾರ ಬರ್ಲಾ?”

“ಬರ್ರಿ,” ಎಂದಳು, ಕೈ ಬಿಡದೆ. “ನಂಬರ್ ಪ್ಲೇಟ್ ಬರೆಸಾಕೆ.”