ಕಿಟಕಿ ಹಾಸಿಗೆಯ ಪಕ್ಕದ ಸಿಂಕು

"ಅಲ್ಲಾ, ಬೆಳಗ್ಗೆಯಿಂದ ನನ್ನನ್ನೇ ಯಾಕೆ ಹಾಗೆ ನೋಡ್ತಿದ್ದೀರಿ?"

ಕಂಬದ ಮರೆಯಲ್ಲಿ ನಿಂತಿದ್ದವಳು ಅಲ್ಲೇ ಸಿಕ್ಕಿಬಿದ್ದಿದ್ದಳು. ಎದುರಿಗಿದ್ದವನು ಆ ವಾರ್ಡಿನ ನರ್ಸ್. ರೋಗಿಗಳಿಂದ ಹಿಡಿದು ದೊಡ್ಡ ಡಾಕ್ಟರ್‌ವರೆಗೆ ಎಲ್ಲರಿಗೂ ಅವನು 'ಬ್ರದರ್'.

"ನಾನಾ? ನಿಮ್ಮನ್ನಾ? ಇಲ್ಲಪ್ಪ!"

"ಸರಿ ಬಿಡಿ. ನೋಡೋ ಹಾಗಿದ್ದೀನಿ ಅಂದ್ಕೊಳ್ತೀನಿ."

ಅವನು ನಕ್ಕ. ಆದರೆ ಆ ನಗು ಕಣ್ಣಿನವರೆಗೆ ಬರಲಿಲ್ಲ. ಅದನ್ನು ಅವಳು ಗಮನಿಸಲಿಲ್ಲ, ಏಕೆಂದರೆ ಅವಳು ನೋಡುತ್ತಿದ್ದುದು ಅವನ ಮುಖವನ್ನೇ ಅಲ್ಲ... ಕೈಗಳನ್ನು!

ನರ್ಸ್ ಆಗಿದ್ದ ಅವಳು ಸೋಂಕು ತಡೆಯುವ ವಿಭಾಗದ ತರಬೇತಿಗೆ ಬಂದಿದ್ದಳು. ಕಲಿಸುವ ಮೇಡಂ ಕೊಟ್ಟ ಮೊದಲ ಕೆಲಸವೇ ಇದು. ರೋಗಿಯನ್ನು ಮುಟ್ಟಿದ ಮೇಲೆ ಯಾರು ಕೈ ತೊಳೆಯುತ್ತಾರೆ, ಯಾರು ಮರೆಯುತ್ತಾರೆ ಎಂದು ಕದ್ದು ನೋಡುವುದು.

"ನೋಡ್ತಿದ್ದೀಯ ಅಂತ ಗೊತ್ತಾದ್ರೆ ಎಲ್ಲರೂ ಸಾಚಾಗಳೇ ಕಣಮ್ಮ," ಎಂದಿದ್ದರು ಮೇಡಂ. "ಅದಕ್ಕೇ ಬಾಯಿ ಬಿಡ್ಬೇಡ."

ಆದರೆ ಅವಳು ಈ ವಾರ್ಡನ್ನೇ ಯಾಕೆ ಬೇಡಿ ಪಡೆದಳೆಂದು ಮೇಡಂಗೂ ಗೊತ್ತಿರಲಿಲ್ಲ. ಇದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ, ಕೆಲವು ವರ್ಷಗಳ ಹಿಂದೆ, ಅವಳ ಅಕ್ಕ ತೀರಿಕೊಂಡಿದ್ದಳು.

ಆಗಿದ್ದು ಸಣ್ಣ ಆಪರೇಷನ್. ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ ಜ್ವರ ಬಂತು, ಗಾಯ ಕೀವಾಯಿತು. ಆಸ್ಪತ್ರೆಯಲ್ಲೇ ಅಂಟಿದ ಸೋಂಕು ಎಂದರು. ಯಾರ ಕೈಯಿಂದ ಅಂಟಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಅಂದಿನಿಂದ ಅವಳಿಗೆ ಎಲ್ಲ ಕೈಗಳ ಮೇಲೂ ಅನುಮಾನ. ಅಮ್ಮ ತಲೆ ಸವರಲು ಬಂದರೂ ಪಕ್ಕಕ್ಕೆ ಸರಿಯುವಳು. ಯಾವ ಕೈ? ಯಾರ ಕೈ? ಅದು ಗೊತ್ತಾಗದ ಹೊರತು ಅವಳಿಗೆ ನೆಮ್ಮದಿಯಿರಲಿಲ್ಲ.

ಕಿಟಕಿ ಪಕ್ಕದ ಸಿಂಕಿನಲ್ಲಿ ನೀರು ಇಳಿದಾಗಲೆಲ್ಲ ಗುಳುಗುಳು ಸದ್ದು. ಆ ಸದ್ದಿನ ಹಿಂದೆಯೇ, ಬೆನ್ನಿಗೆ ಅಂಟಿಕೊಂಡಂತೆ ಅಕ್ಕನ ದನಿ.

'ಪುಟ್ಟೀ, ಕೈ ತೊಳ್ಕೊಂಡ್ಯಾ?'

ನರ್ಸಿಂಗ್ ಓದುತ್ತಿದ್ದ ತಂಗಿಯನ್ನು ಅಕ್ಕ ಮಲಗಿದಲ್ಲಿಂದಲೇ ಹಾಗೆ ರೇಗಿಸುತ್ತಿದ್ದಳು. ತಿರುಗಿ ನೋಡಿದರೆ ಈಗ ಯಾರೂ ಇರುತ್ತಿರಲಿಲ್ಲ.

ದಿನ ಕಳೆದಂತೆ ಅವಳು ನೋಡಬೇಕಾದವರೆಲ್ಲರ ನಡುವೆ ಬ್ರದರ್‌ನ ಕೈಗಳನ್ನೇ ಹೆಚ್ಚು ನೋಡತೊಡಗಿದಳು. ತೊಳೆದು ತೊಳೆದು ಬಿರಿದ ಕೈಗಳು ಅವು. ಒಬ್ಬ ಅಜ್ಜಿಗೆ ಸೂಜಿ ಚುಚ್ಚುವಾಗಲೂ ಎಷ್ಟು ಮೃದು!

'ಈ ಕೈ ಹಿಡಿದರೆ ಹೇಗಿರುತ್ತೆ...?'

ಛೇ! ತನ್ನ ಯೋಚನೆಗೆ ತಾನೇ ಬೆಚ್ಚಿದಳು. ಯಾರ ಕೈಯನ್ನೂ ಸಹಿಸದವಳಿಗೆ ಇದೇನು ಬಂತು!

"ಚಹಾ ಕುಡೀತೀರಾ, ಸಿಸ್ಟರ್? ಕಂಬಕ್ಕೂ ಒಂದು ತರ್ಲಾ? ನೀವಿಬ್ಬರೂ ಯಾವಾಗ್ಲೂ ಜೊತೆಗೇ ಇರ್ತೀರಲ್ಲ."

ಎಷ್ಟೋ ಕಾಲದ ಮೇಲೆ ಅವಳು ಬಾಯಿತುಂಬ ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಅವನು ಕಿಟಕಿ ಹಾಸಿಗೆಗೆ ಹೊಸದಾಗಿ ಬಂದಿದ್ದ ಅಜ್ಜಿಯ ಗಾಯಕ್ಕೆ ಪಟ್ಟಿ ಬದಲಿಸಿ, ಗ್ಲೌಸ್ ಕಳಚಿ ಎಸೆದ. ಪಕ್ಕದಲ್ಲೇ ಸಿಂಕು. ಅದರತ್ತ ತಿರುಗಿಯೂ ನೋಡದೆ ವಾರ್ಡಿನಿಂದ ಹೊರಗೆ ನಡೆದುಬಿಟ್ಟ! ಮರುದಿನವೂ ಅದೇ. ಅದರ ಮರುದಿನವೂ. ಬೇರೆ ಹಾಸಿಗೆಗಳ ಹತ್ತಿರ ಒಮ್ಮೆಯೂ ತಪ್ಪದವನು ಈ ಒಂದು ಹಾಸಿಗೆಯ ಹತ್ತಿರ ಮಾತ್ರ...

ಅವಳು ವಾರ್ಡಿನ ಆಯಾಳನ್ನು ಮೆಲ್ಲಗೆ ಕೇಳಿದಳು, "ಈ ಬ್ರದರ್ ಇಲ್ಲಿಗೆ ಹೊಸಬರಾ?"

"ಹೊಸಬರಾ? ಎಷ್ಟೋ ವರ್ಷದಿಂದ, ನಾನು ಬರೋಕೆ ಮುಂಚೆಯಿಂದ ಇದ್ದಾರೆ ಕಣವ್ವ. ಕಿಟಕಿ ಕಡೆ ಯಾವಾಗ್ಲೂ ಅವರದ್ದೇ ಡ್ಯೂಟಿ."

ಅಂದರೆ ಅಕ್ಕನ ಗಾಯ ಮುಟ್ಟಿದ ಕೈ ಇದೇ! ಆಗ ವಾರ್ಡಿನ ಸಿಬ್ಬಂದಿಯೆಲ್ಲ ಮಾಸ್ಕ್‌ನಲ್ಲಿದ್ದರು, ಅವಳಿಗೆ ಗುರುತು ಸಿಕ್ಕಿರಲಿಲ್ಲ.

ಹೊರಗಿನ ಮೆಟ್ಟಿಲ ಬಳಿ ಅವನನ್ನು ತಡೆದು ನಿಲ್ಲಿಸಿದಳು. ಸಿಟ್ಟಿಗೆ ಮಾತು ತಡವರಿಸುತ್ತಿತ್ತು.

"ಕಿಟಕಿ ಹಾಸಿಗೆಯಲ್ಲಿ ನನ್ನಕ್ಕ ಇದ್ದಳು... ನೀವು ಕೈ ತೊಳೀದೆ ಮುಟ್ಟಿದ್ರಿ! ನಿಮ್ಮಿಂದಲೇ ಅವಳು ಹೋಗಿದ್ದು!"

ಅವನ ಮುಖ ಬಿಳಿಚಿಕೊಂಡಿತ್ತು.

"ನನ್ನಿಂದಲೇ ಇರ್ಬಹುದು," ಎಂದ ಮೆಲ್ಲಗೆ. "ಆದ್ರೆ ತೊಳೀದೆ ಅಲ್ಲ. ಪ್ರತಿ ಸಲ ತೊಳೆದೇ ಮುಟ್ತಿದ್ದೆ. ಆ ಸಿಂಕಲ್ಲೇ ತೊಳೆದು."

"ಏನು ಹೇಳ್ತಿದ್ದೀರಿ?"

"ಅದರ ನಲ್ಲಿ ನೀರು ನೇರ ತೂತಿನ ಮೇಲೆ ಬೀಳುತ್ತೆ. ಒಳಗಿನ ಕೊಳೆ ಕೈಮೇಲೆ, ಹಾಸಿಗೆಮೇಲೆ ಸಿಡಿಯುತ್ತೆ. ನಿಮ್ಮಕ್ಕ ಹೋದ್ಮೇಲೆ ನನಗೆ ಇದು ಹೊಳೆದಿದ್ದು. ಕೈ ತೊಳೆಯೋ ಜಾಗದಿಂದ ಸೋಂಕು ಬರುತ್ತಾ ಅಂತ ಎಲ್ಲರೂ ನಕ್ಕರು. ಅಂದಿನಿಂದ ನಾನು ಹೊರಗಡೆ ಸಿಂಕಿಗೆ ಬಂದು ತೊಳೀತೀನಿ."

ಅವಳು ಮೆಟ್ಟಿಲ ಪಕ್ಕದ ಸಿಂಕಿನತ್ತ ತಿರುಗಿದಳು. ಕಂಬದ ಮರೆಯಿಂದ ಈ ಹೊರಗಿನ ಸಿಂಕು ಕಾಣುತ್ತಲೇ ಇರಲಿಲ್ಲ.

"ನೀವು ಬಂದ ದಿನವೇ ಗುರುತು ಹಿಡಿದೆ," ಎಂದ ಅವನು. "ನಿಮಗೂ ಗುರುತು ಸಿಕ್ಕು ನೋಡ್ತಿದ್ದೀರಿ ಅಂತ ಹೆದರಿದ್ದೆ. ಅದಕ್ಕೇ ಅವತ್ತು ಹಾಗೆ ಕೇಳಿದ್ದು."

ಅವಳು ನೇರ ಮೇಡಂ ಬಳಿ ಓಡಿದಳು. ಮೇಡಂ ನಗಲಿಲ್ಲ. ಉದ್ದನೆಯ ಹತ್ತಿಕಡ್ಡಿಯನ್ನು ಸಿಂಕಿನ ತೂತಿಗೆ ಇಳಿಸಿ ಲ್ಯಾಬಿಗೆ ಕಳಿಸಿದರು. ಲ್ಯಾಬಿನಿಂದ ಬಂದ ರೋಗಾಣುವಿನ ಹೆಸರು ಅವಳಿಗೆ ಬಾಯಿಪಾಠವಾಗಿತ್ತು. ಅಕ್ಕನನ್ನು ಕೊಂಡೊಯ್ದ ಸೋಂಕಿನ ಹೆಸರೇ ಅದು.

"ಅವತ್ತಿನದೂ ಇಲ್ಲಿಂದಲೇ ಅಂತ ಈಗ ಸಾಬೀತು ಮಾಡೋಕಾಗಲ್ಲ," ಎಂದರು ಮೇಡಂ. "ಆದ್ರೆ ಈ ಸಿಂಕನ್ನ ಇವತ್ತೇ ಕಿತ್ತು ಹಾಕಿಸ್ಬೇಕು."

ಪ್ಲಂಬರ್ ಸಿಂಕಿಗೆ ಕೈ ಹಾಕುವ ಮೊದಲು ಕೊನೆಯ ಬಾರಿ ನೀರು ಇಳಿಯಿತು. ಗುಳುಗುಳು...

'ಪುಟ್ಟೀ, ಕೈ ತೊಳ್ಕೊಂಡ್ಯಾ?'

'ಹೂಂ ಅಕ್ಕಾ, ತೊಳ್ಕೊಂಡೆ...'

ಹೌದು, ತೊಳೆದುಕೊಂಡಿದ್ದಳು! ಇದೇ ಸಿಂಕಿನಲ್ಲಿ. ಅಕ್ಕನ ಮೈ ಒರೆಸುವ ಮುಂಚೆ, ಬಟ್ಟೆ ಸರಿಮಾಡುವ ಮುಂಚೆ, ಪ್ರತಿ ಸಲ. ಇಷ್ಟು ವರ್ಷ ಊರವರ ಕೈಗಳಲ್ಲಿ ಹುಡುಕಿದ್ದು ತನ್ನ ಕೈಯಲ್ಲೂ ಇತ್ತೇ?

ಹೊರಗೆ ಓಡಿಬಂದು ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. ಅವನು ಬಂದು ಪಕ್ಕದಲ್ಲಿ ನಿಂತ, ಮುಟ್ಟಲಿಲ್ಲ.

"ನಾನೂ ಅಲ್ಲೇ ತೊಳೀತಿದ್ದೆ... ನನ್ನ ಕೈಯಿಂದಲೂ..."

"ಗೊತ್ತು. ನೋಡಿದ್ದೆ. ಅದಕ್ಕೇ ಇಷ್ಟು ದಿನ ನಿಮ್ಮ ಹತ್ರ ಸಿಂಕಿನ ಮಾತು ಎತ್ತಲಿಲ್ಲ. ನನ್ನ ಮೇಲೇ ಸಿಟ್ಟಿದ್ರೆ ಇರ್ಲಿ ಅಂತ ಸುಮ್ಮನಿರ್ಬೇಕಿತ್ತು. ನೀವು ಹಾಗೆ ಕೇಳಿದಾಗ ತಡೆಯೋಕಾಗಲಿಲ್ಲ."

ಅವಳು ತಲೆಯೆತ್ತಿದಳು. ಅವನ ಕಣ್ಣೂ ತುಂಬಿತ್ತು.

"ಅಕ್ಕ ಉಳೀಲಿ ಅಂತಲೇ ಅಲ್ವಾ ನಾವಿಬ್ಬರೂ ತೊಳೆದಿದ್ದು?" ಎಂದ.

ಒಳಗೆ ಪ್ಲಂಬರ್ ಕೊಳವೆ ಬಿಚ್ಚುವ ಸದ್ದು ನಿಂತಿತು. ಅವಳು ಕಿವಿಗೊಟ್ಟು ಕಾದಳು. ಬೆನ್ನ ಹಿಂದೆ ಯಾರೂ ಕರೆಯಲಿಲ್ಲ.

"ಬ್ರದರ್..."

"ಊರೆಲ್ಲ ಕರೀಲಿ. ನೀವು ಮಾತ್ರ ನನ್ನ ಬ್ರದರ್ ಅನ್ಬೇಡಿ, ದಯವಿಟ್ಟು!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಹೊರಗಿನ ಸಿಂಕಿನಲ್ಲಿ ಅವನು ಕೈ ತೊಳೆದ. ಅವಳೂ ತೊಳೆದಳು. ಆಮೇಲೆ, ಅಕ್ಕ ಕೇಳುತ್ತಿದ್ದ ಅದೇ ತುಂಟ ದನಿಯಲ್ಲಿ ಕೇಳಿದಳು.

"ಕೈ ತೊಳ್ಕೊಂಡ್ರಾ?"

"ನೋಡ್ತಾನೇ ಇದ್ರಲ್ಲ!"

"ಹಾಗಾದ್ರೆ... ಕೊಡಿ."

ಬಿರಿದ, ಒದ್ದೆಯಾದ ಆ ಕೈಯನ್ನು ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು.