ಬಣ್ಣ ಬಾರದ ನೀರು

"ಬೀಗ ಎಲ್ಲಿ ಹಾಕ್ಲಿ? ಗೇಟಿಗಾ, ಪಂಪ್ ರೂಮಿಗಾ?"

ಈಜುಕೊಳದ ಅಂಚಿನಲ್ಲಿ ಮಂಡಿಯೂರಿದ್ದ ಅವನು ತಲೆಯೆತ್ತಿದ. ಮೂರು ವರ್ಷಗಳ ನಂತರ ಅದೇ ಮುಖ! ಆಗ ಅವಳ ಬೆರಳಲ್ಲಿ ಅವನು ತೊಡಿಸಿದ ಉಂಗುರವಿತ್ತು. ಈಗ ಕುತ್ತಿಗೆಯಲ್ಲಿ ಆರೋಗ್ಯ ಇಲಾಖೆಯ ಗುರುತಿನ ಚೀಟಿ.

"ನೀನು..."

"ಮೇಡಂ ಅನ್ನಿ."

"ಸರಿ ಮೇಡಂ. ಮೊದಲು ನೀರು ನೋಡಿ. ಬೀಗ ಎಲ್ಲೂ ಓಡಿಹೋಗಲ್ಲ."

ಜವಾಬ್ದಾರಿಯಿಂದ ಓಡಿಹೋಗೋದರಲ್ಲಿ ನೀನೇ ಪಳಗಿದವನಲ್ವಾ! ಅವಳು ಹಲ್ಲು ಕಚ್ಚಿದಳು.

ಮೂರು ವರ್ಷದ ಹಿಂದೆ ಇದೇ ಕೊಳದಲ್ಲಿ ಈಜಿದ ಅವಳ ತಂಗಿಯ ಎಡಗಣ್ಣಿಗೆ ಸೋಂಕು ತಗುಲಿತು. ದೃಷ್ಟಿ ಹೋಯಿತು. ನೀರಿನಲ್ಲಿ ಕ್ಲೋರಿನ್ ಇರಲೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಕೊಳದ ದಿನಚರಿ ಹಾಳೆಯಲ್ಲಿ ಮಾತ್ರ ಎಲ್ಲ ಸರಿಯಿತ್ತು. ಕೆಳಗೆ ಕೊಳದ ಉಸ್ತುವಾರಿ ಹೊತ್ತಿದ್ದ ಅವನ ಸಹಿ! ಅಂದೇ ಅವಳು ಉಂಗುರ ವಾಪಸು ಕಳಿಸಿದಳು. ಮರುತಿಂಗಳು ಈ ಕೆಲಸದ ಪರೀಕ್ಷೆಗೆ ಓದಲು ಕೂತಳು. ಜನಸೇವೆಗಲ್ಲ. ಸೇಡಿಗೆ.

"ಗೇಟಲ್ಲಿ 'ಇಂದು ಈಜು ಇಲ್ಲ' ಅಂತ ಬೋರ್ಡು. ನಾನು ಬರೋದು ಗೊತ್ತಾಗಿ ಮುಚ್ಚಿದ್ರಾ?"

"ಬೆಳಿಗ್ಗೆ ಒಂದು ಮಗು ನೀರಲ್ಲೇ ಕಕ್ಕ ಮಾಡ್ತು. ಎಲ್ಲರನ್ನೂ ನೀರಿಂದ ಮೇಲೆ ಹತ್ತಿಸಿ..."

"ಕಥೆ ಬೇಡ."

ಅವಳು ಗಾಜಿನ ನಳಿಗೆಗೆ ಕೊಳದ ನೀರು ತುಂಬಿ ಮಾತ್ರೆ ಹಾಕಿದಳು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಒಂದು ಕ್ಷಣ ಏನೋ ಮಿಂಚಿತು... ಆರಿತು. ನೀರು ತಿಳಿಯಾಗಿಯೇ ಉಳಿಯಿತು.

ಸೊನ್ನೆ! ಅವಳ ಎದೆ ಸಂತೋಷದಿಂದ ಹೊಡೆದುಕೊಂಡಿತು. ಚೀಲದಿಂದ ಬೀಗಮುದ್ರೆಯ ಆದೇಶ ತೆಗೆದಳು.

ಅವನು ಅದರತ್ತ ಬಗ್ಗಿ ನೋಡಿದ. 'ಕ್ಲೋರಿನ್: ಸೊನ್ನೆ' ಎಂದು ಆಗಲೇ ಬರೆದಿತ್ತು.

"ಮನೆಯಿಂದಲೇ ಬರ್ಕೊಂಡು ಬಂದ್ರಾ ಮೇಡಂ?"

ಅವಳ ಮುಖ ಕೆಂಪಾಯಿತು. ಅವನು ನಗಲಿಲ್ಲ.

"ನಾನೂ ಅವತ್ತು ಹಾಗೇ ಮಾಡಿದ್ದೆ. ಮೂರು ಗಂಟೆಗೆ ನೀರು ನೋಡಿ ಬರೀಬೇಕಾದ್ದನ್ನ ಹತ್ತಕ್ಕೇ ಬರೆದಿಟ್ಟೆ. ಮಧ್ಯಾಹ್ನ ಕ್ಲೋರಿನ್ ಪಂಪ್ ನಿಂತುಹೋಗಿತ್ತು. ನೋಡೋಕೆ ನಾನು ಇಲ್ಲಿರಲಿಲ್ಲ."

"ಎಲ್ಲಿದ್ರಿ?"

"ನಿನ್ನ ಜೊತೆ."

ಆ ಮಧ್ಯಾಹ್ನ... "ಬೇಗ ಬಾ" ಎಂದು ಮೂರು ಸಲ ಫೋನ್ ಮಾಡಿದವಳು ಅವಳೇ! ಕೆಲಸ ಮುಗಿಸಿ ಬಂದ ಎಂದುಕೊಂಡಿದ್ದಳು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿನ್ನನ್ನೇ ಬೈಕೊಳ್ತಿದ್ದೆ. ನನ್ನನ್ನ ಬೈಯ್ಲಿ ಅಂತ ಸುಮ್ಮನಿದ್ದೆ."

ಅವನು ಶುದ್ಧ ನೀರಿನ ಬಾಟಲಿ ಚಾಚಿದ. "ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಇದು. ಮತ್ತೆ ನೋಡು. ಆಮೇಲೆ ಬೇಕಾದ್ದು ಬರಿ."

ಈ ಸಲ ನಳಿಗೆ ಗುಲಾಬಿಯಾಗಿ ಕಣ್ಣಿಗೆ ಹೊಡೆಯಿತು! ಕ್ಲೋರಿನ್ ಅತಿಯಾದರೂ ಬಣ್ಣ ಸತ್ತುಹೋಗುತ್ತದೆ. ತರಬೇತಿಯಲ್ಲಿ ಕಲಿತ ಮೊದಲ ಪಾಠ. ಮಗು ಗಲೀಜು ಮಾಡಿದ ನೀರು ಶುದ್ಧವಾಗಲೆಂದೇ ಅವನು ಭಾರಿ ಕ್ಲೋರಿನ್ ಹಾಕಿ ಕೊಳ ಮುಚ್ಚಿದ್ದ. ಅವಳಿಗೆ ಪಾಠ ಮರೆತಿರಲಿಲ್ಲ. ಸೊನ್ನೆ ಬೇಕಾಗಿತ್ತು, ಅಷ್ಟೇ.

ಆದರೂ ಬೀಗ ಹಾಕಬಹುದು. ಇಲಾಖೆಯಲ್ಲಿ ಇವನ ಮಾತು ಯಾರು ಕೇಳುತ್ತಾರೆ? ಅವಳು ತಂಗಿಗೆ ಫೋನ್ ಮಾಡಿದಳು.

"ಅವನ ಎದುರೇ ನಿಂತಿದ್ದೀನಿ ಕಣೇ. ಈ ಸಲ ಅವನ ತಪ್ಪಿಲ್ಲ. ಆದ್ರೂ ಬೀಗ ಜಡಿದು ಮುಗಿಸಿಬಿಡ್ಲಾ?"

"ಅಕ್ಕಾ, ಕಣ್ಣು ಹೋಗಿದ್ದು ನಂದು. ಸೇಡು ಮಾತ್ರ ನಿಂದಾ?"

"ಏನೇ ಹಾಗಂದ್ರೆ?"

"ಅವನು ಆಸ್ಪತ್ರೆಗೇ ಬಂದು ತಪ್ಪು ಒಪ್ಕೊಂಡ. ನಿನಗೋಸ್ಕರ ಕೆಲಸ ಬಿಟ್ಟು ಬಂದಿದ್ದನ್ನ ನಿನಗೆ ಹೇಳ್ಬೇಡ ಅಂತ ಗೋಗರೆದ. ನಾನಿನ್ನೂ ಕ್ಷಮಿಸಿಲ್ಲ. ಆದ್ರೆ ಇಲ್ಲದ ತಪ್ಪು ಹೊರಿಸಿ ನನ್ನ ಹೆಸರು ಕೆಡಿಸ್ಬೇಡ, ಮಾರಾಯ್ತಿ!"

ಫೋನ್ ಕಟ್ಟಾಯಿತು.

ಅವಳು ಆದೇಶವನ್ನು ನಾಲ್ಕು ಚೂರು ಮಾಡಿದಳು. ಹೊಸ ಹಾಳೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದಳು. ಕೆಳಗೆ ಸಹಿ ಹಾಕಿದಳು.

"ನನ್ನ ಕೋಪ ಹೋಗಿಲ್ಲ," ಎಂದಳು.

"ಇಟ್ಕೋ. ಆದ್ರೆ ಹತ್ತಿರ ಇದ್ದು ಬೈಯಿ. ಮೂರು ವರ್ಷ ನೀನಿಲ್ಲದೆ... ಆಗ್ಲಿಲ್ಲ ಕಣೇ ನನ್ನಿಂದ."

"ನನ್ನಿಂದ ಆಯ್ತು ಅಂದ್ಕೊಂಡ್ಯಾ?" ಎಂದಳು ಅವಳು. ಸೇಡಿನ ನೆಪದಲ್ಲಿ ದಿನಾ ಇವನನ್ನೇ ನೆನೆದಿದ್ದಳಲ್ಲ!

ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಹಿಂದೆಯೂ ಸರಿಯಲಿಲ್ಲ.

"ನಾಳೆ ಮನೆಗೆ ಬಾ. ಮೊದಲು ತಂಗಿ ಎದುರು ಕೂತ್ಕೋ. ಆಮೇಲೆ ನನ್ನ ವಿಷಯ."

"ಒದ್ದು ಓಡಿಸಿದ್ರೆ?"

"ಓಡಿಸ್ತಾಳೆ."

"ನಾಳಿದ್ದು ಮತ್ತೆ ಬರ್ತೀನಿ."

"ಬಾ... ಬಾಗಿಲು ನಾನೇ ತೆಗೀತೀನಿ."