ಶಶಿಕುಮಾರನ ನಂಬರ್

"ಗುಂಯ್..."

ಮೇಜಿನ ಮೇಲಿದ್ದ ಫೋನು ನಡುಗಿತು. ಮಧುಶ್ರೀಯ ಎದೆಯೂ ನಡುಗಿತು!

ಆ ಫೋನಿನ ಯಜಮಾನ, ಅವಳ ಗಂಡ ಶಶಿಕುಮಾರ್, ತೀರಿಕೊಂಡು ಎರಡು ವರ್ಷ. ಕೋಟೆ ರಸ್ತೆಯ ತಿರುವಿನಲ್ಲಿ ಬೈಕು ನುಜ್ಜುಗುಜ್ಜಾಯಿತು, ಫೋನಿಗೆ ಮಾತ್ರ ಒಂದೇ ಒಂದು ಗೀರು ಬಿತ್ತು. ಅವಳು ಅದನ್ನು ದಿನಾ ಚಾರ್ಜಿಗೆ ಹಾಕುತ್ತಾಳೆ. ಹ್ಯಾಂಡ್‌ಪೋಸ್ಟ್ ಅನ್ನೋ ಊರಿನಲ್ಲಿರುವ ತಮ್ಮ ಹತ್ತಿ ಮಿಲ್ಲಿನ ಆಫೀಸಿನಲ್ಲಿ, ಅವನ ಕುರ್ಚಿಯ ಎದುರಿಗೇ ಇಡುತ್ತಾಳೆ. ಆ ಕುರ್ಚಿಯಲ್ಲಿ ಯಾರೂ ಕೂರುವ ಹಾಗಿಲ್ಲ. ಹುಚ್ಚು ಅಂತೀರಾ? ಅನ್ನಿ. ಊರವರೂ ಹಾಗೇ ಅಂದು ಸುಮ್ಮನಾದರು.

"ಒಟಿಪಿ ಬಂತಾ ಮೇಡಂ?"

ದನಿ ಹಳೆಯದು. ಮುಖ ಮಾತ್ರ ಹೊಸದು!

ಅವನು ನೀಲಕಂಠಸ್ವಾಮಿ, ಹುಣಸೂರಿನ ತೆರಿಗೆ ಸಲಹೆಗಾರ. ಮಿಲ್ಲಿನವರ ಸಂಬಳ, ಅದರ ತೆರಿಗೆಯ ಲೆಕ್ಕವನ್ನೆಲ್ಲ ಸರ್ಕಾರದ ಪೋರ್ಟಲ್‌ಗೆ ಹಾಕುವವನು. ಪ್ರತಿ ಸಲ ಒಟಿಪಿ ಬರುತ್ತಿದ್ದದ್ದು ಶಶಿಕುಮಾರನ ಫೋನಿಗೆ. ಅವಳು ಓದಿ ಹೇಳುತ್ತಿದ್ದಳು, ಇವನು ಹುಣಸೂರಲ್ಲಿ ಕೂತು, "ಆಯ್ತು ಮೇಡಂ... ಊಟ ಮಾಡಿದ್ರಾ?" ಅನ್ನುತ್ತಿದ್ದ. ಅಷ್ಟೇ ಪರಿಚಯ.

ಆ "ಊಟ ಮಾಡಿದ್ರಾ" ಅನ್ನೋ ಮಾತಿಗೆ ತಾನು ಕಾಯುತ್ತಿದ್ದೇನೆ ಅಂತ ಗೊತ್ತಾದ ದಿನ, ಮಧುಶ್ರೀ ಗಂಡನ ಫೋಟೋ ಮುಂದೆ ದೀಪ ಹಚ್ಚಿ ತಲೆ ಎತ್ತದೆ ವಾಪಸ್ ಬಂದಿದ್ದಳು.

ಇವತ್ತು ನೀಲಕಂಠಸ್ವಾಮಿಯೇ ಬಂದಿದ್ದ. ಏಪ್ರಿಲ್‌ನಿಂದ ಹೊಸ ಕಾಯ್ದೆ, ಹೊಸ ಫಾರಂ. ಒಬ್ಬೊಬ್ಬರ ಪ್ಯಾನು, ಖಾತೆ, ಸಂಬಳ ಎಲ್ಲ ಸರಿಯಾಗಿ ಕೂರಬೇಕು. ಹತ್ತಿ ಆರಿಸುವ ಚಿಕ್ಕಸಿದ್ದಮ್ಮ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡಿದ್ದಳು. "ಎಲ್ಡೂ ನಾನೇ ಕಣಪ್ಪ, ಮೊಕ ನೋಡಿ ಬರ್ಕೋ!" ಅಂದಾಗ ಇಬ್ಬರೂ ನಕ್ಕುಬಿಟ್ಟರು. ನಕ್ಕ ಮೇಲೆ ಮಧುಶ್ರೀ ಬೆಚ್ಚಿ ಖಾಲಿ ಕುರ್ಚಿಯ ಕಡೆ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಒಂದೇ ಕೆಲಸ ಉಳಿಯಿತು.

"ಮಿಲ್ಲು ನಿಮ್ಮ ಹೆಸರಿಗೆ ಬಂದಿದೆ ಮೇಡಂ. ಪೋರ್ಟಲ್‌ನಲ್ಲಿರೋ ನಂಬರ್ ಮಾತ್ರ ಇನ್ನೂ ಅವರದ್ದೇ. ಹೊಸ ಲೆಕ್ಕ ಶುರುವಾಗೋ ಮುಂಚೆ ಅದನ್ನ ತೆಗೆದು ನಿಮ್ಮದು ಹಾಕ್ಬೇಕು."

"ಬೇಡ."

"ಮೇಡಂ, ಇನ್ಮೇಲೆ ನಡೆಯಲ್ಲ..."

"ಬೇಡ ಅಂದ್ನಲ್ಲ! ಅವ್ರು ಇದಾರೆ ಕಣ್ರೀ ಇದ್ರಲ್ಲಿ!" ಅವಳ ದನಿ ಒಡೆಯಿತು. "ಒಂದ್ಸಲ ಈ ನಂಬರ್ ನಿಂತೋಗಿತ್ತು. ನಾನು ರೀಚಾರ್ಜ್ ಮಾಡಿಸ್ಲಿಲ್ಲ. ತಾನಾಗೇ ವಾಪಸ್ ಬಂತು! ಅವತ್ತಿಂದ ಪ್ರತಿ ತಿಂಗ್ಳೂ ತಾನಾಗೇ ಆಗುತ್ತೆ. ಯಾರು ಮಾಡ್ತಾರೆ ಅಂತ ನಾನು ಯಾರನ್ನೂ ಕೇಳಿಲ್ಲ. ಕೇಳಿದ್ರೆ ನಿಂತೋಗುತ್ತೇನೋ ಅಂತ ಭಯ..."

ನೀಲಕಂಠನ ಮುಖ ಬಿಳಿಚಿಕೊಂಡಿತು.

ಅದೇ ಹೊತ್ತಿಗೆ ಸತ್ತವನ ಫೋನು ಮಿನುಗಿತು. 'ನಿಮ್ಮ ಪ್ಯಾಕ್ ಇಂದು ಮುಗಿಯಲಿದೆ.'

ಪಕ್ಕದಲ್ಲೇ ನೀಲಕಂಠನ ಫೋನೂ ಮಿನುಗಿತು. 'ಶಶಿಕುಮಾರ್ ಹ್ಯಾಂಡ್‌ಪೋಸ್ಟ್, ರೀಚಾರ್ಜ್ ಮಾಡಿ.'

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಹೊರಗೆ ಮಿಲ್ಲಿನ ಯಂತ್ರ ಗರಗರ ಅನ್ನುತ್ತಲೇ ಇತ್ತು.

"ನೀವಾ...? ಇಷ್ಟು ದಿನ ನಾನು ಕೈ ಮುಗೀತಿದ್ದದ್ದು ನಿಮ್ಮ ರೀಚಾರ್ಜಿಗಾ?! ನಿಮ್ಮ ಕೆಲ್ಸ ಸಲೀಸಾಗ್ಲಿ ಅಂತ ನನ್ನ ಗಂಡನ್ನ ಉಳಿಸ್ಕೊಂಡಿದ್ರಾ?"

"ಕೆಲ್ಸಕ್ಕಲ್ಲ ಮೇಡಂ. ಅವತ್ತು ನಂಬರ್ ನಿಂತಾಗ ನೀವು ಫೋನಲ್ಲಿ ಅತ್ರಿ. 'ಇನ್ನೊಂದ್ಸಲ ಹೊರಟೋದ್ರು' ಅಂದ್ರಿ. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

"ಹೊರಡಿ ಇಲ್ಲಿಂದ!"

ಅವನು ಚೀಲ ಎತ್ತಿಕೊಂಡ. ಹೊಸ್ತಿಲಲ್ಲಿ ನಿಂತ.

"ಹೇಳದೆ ಮಾಡಿದ್ದು ತಪ್ಪೇ. ಆದ್ರೆ ಫೋನ್ ಕಂಪನಿಯವ್ರು ಆ ನಂಬರನ್ನ ನಿಮ್ಮ ಕೈಯಿಂದ ಕಿತ್ಕೊಳ್ಳೋದು ಬೇಡ ಅನ್ನಿಸ್ತು. ಒಂದಿನ ನೀವಾಗೇ ಕೆಳಗಿಡ್ಲಿ ಅಂತ ಕಾಯ್ತಿದ್ದೆ. ನಿಮ್ಮ ಕಂಪ್ಯೂಟರಲ್ಲಿ ಪುಟ ತೆರೆದೇ ಇದೆ... ಬರ್ತೀನಿ."

ಹೋದ.

ಮಧುಶ್ರೀ ಫೋನನ್ನು ಎದೆಗೊತ್ತಿಕೊಂಡು ಅತ್ತಳು. ಊಟದ ಕ್ಯಾರಿಯರ್ ಹಿಡಿದು ಬಂದ ಅತ್ತೆ ರುಕ್ಮಿಣಮ್ಮ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ಹತ್ತಿರ ಬಂದು ಸೊಸೆಯ ತಲೆ ಸವರಿದರು.

"ನಂಗೆ ಮೊದ್ಲೇ ಅನುಮಾನ ಇತ್ತು ಕಣವ್ವ. ಸತ್ತೋರು ಎಲ್ಲಾದ್ರೂ ರೀಚಾರ್ಜ್ ಮಾಡುಸ್ತಾರಾ? ಬದುಕಿರೋರು ಯಾರೋ ನಿನ್ ಮ್ಯಾಲೆ ಜೀವ ಇಟ್ಕಂಡವ್ರೆ ಅನ್ಕಂಡಿದ್ದೆ."

"ಅತ್ತೆ... ನಾನು ಅವರನ್ನ ಬಿಟ್ಬಿಟ್ರೆ?"

"ಅವನ್ನ ಎತ್ತ ತಾಯಿ ನಾನು. ನಾನೇ ಬುಟ್ಟಿಲ್ವಾ? ಮರೀಬ್ಯಾಡ. ಅಂಗಂತ ನೀನೂ ಅವನ ಜೊತೆ ಓಗ್ಬುಡ್ಬ್ಯಾಡ."

ಅವಳು ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಗಂಡನ ನಂಬರನ್ನು ಒಂದೊಂದೇ ಅಂಕಿಯಾಗಿ ಅಳಿಸಿದಳು. ಕ್ಷಮಿಸ್ರೀ... ಅಂತ ಮನಸ್ಸಿನಲ್ಲೇ ಅಂದುಕೊಂಡು ತನ್ನ ನಂಬರ್ ಹಾಕಿದಳು.

ಗುಂಯ್!

ಅಭ್ಯಾಸಬಲದಿಂದ ಹಳೆ ಫೋನಿನ ಕಡೆ ನೋಡಿದಳು. ಅದು ಸುಮ್ಮನಿತ್ತು. ನಡುಗಿದ್ದು ಅವಳದೇ ಫೋನು.

ರುಕ್ಮಿಣಮ್ಮ ಮಗನ ಫೋನನ್ನು ಸೆರಗಿನಲ್ಲಿ ಒರೆಸಿ, ಗುಂಡಿ ಒತ್ತಿ ಆರಿಸಿದರು. "ಮನಿಕೋ ಮಗ... ಸಾಕು."

ಅತ್ತೆ ಸೊಸೆ ತಬ್ಬಿಕೊಂಡು ಅತ್ತರು. ಆಮೇಲೆ ಮಧುಶ್ರೀ ನೀಲಕಂಠನಿಗೆ ಫೋನ್ ಮಾಡಿದಳು. ಅವನು ಇನ್ನೂ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲೇ ಇದ್ದ.

"ಒಟಿಪಿ ಬಂದಿದೆ."

"ಬಾಕ್ಸಲ್ಲಿ ಹಾಕಿ ಮೇಡಂ..."

"ನಾನು ಹಾಕಲ್ಲ. ನಾನು ಓದ್ತೀನಿ, ನೀವು ಹಾಕ್ಬೇಕು. ಯಾವತ್ತೂ ಹಂಗೇ ತಾನೇ?"

"ಅಲ್ಲಿಗೆ ಬರೋದ್ರೊಳಗೆ ಅವಧಿ ಮುಗಿಯುತ್ತೆ..."

"ಮುಗೀಲಿ. ಇನ್ನೊಂದ್ಸಲ ಕಳಿಸ್ಕೊಂಡ್ರಾಯ್ತು. ಬನ್ನಿ."

ಬಂದ. ಓಡಿಬಂದು ಏದುಸಿರು ಬಿಡುತ್ತಿದ್ದ ಅವನಿಗೆ ಖಾಲಿ ಕುರ್ಚಿಯನ್ನು ಸರಿಸಿಕೊಟ್ಟವರು ರುಕ್ಮಿಣಮ್ಮ. "ಕುಂತ್ಕೋಪ್ಪ," ಅಂದು, ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು.

ಅವನು ಅಂಚಿನಲ್ಲಿ ಕೂತ. ಹೊಸ ಒಟಿಪಿ ಬಂತು. ಮಧುಶ್ರೀ ಫೋನ್ ನೋಡಿದಳು, ಓದಲಿಲ್ಲ.

"ಇದನ್ನ ಯಾರಿಗೂ ಹೇಳಬೇಡಿ ಅಂತ ಬರೆದಿದೆ ಇಲ್ಲಿ."

"ಇಷ್ಟು ದಿನ ಹೇಳಿದ್ರಲ್ಲ ಮೇಡಂ?"

"ಅದು ಅವರ ನಂಬರ್. ಇದು ನಂದು." ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನನ್ನದನ್ನ ಯಾರೋ ದಾರೀಲಿ ಹೋಗೋರಿಗೆ ಹೇಳಲ್ಲ. ನೀವು ಯಾರು, ಮೊದ್ಲು ಅದು ಹೇಳಿ."

ಅವನು ಕೀಬೋರ್ಡಿನಿಂದ ಕೈ ತೆಗೆದ.

"ನೀವು ಊಟ ಮಾಡಿದ್ರೋ ಇಲ್ವೋ ಅಂತ ದಿನಾ ಯೋಚ್ನೆ ಮಾಡೋನು... ನಿಮ್ಮನ್ನ ಪ್ರೀತಿಸೋನು, ಮಧುಶ್ರೀ."

ಮೇಡಂ ಅನ್ನಲಿಲ್ಲ! ಅವಳ ಕಣ್ಣು ತುಂಬಿತು, ತುಟಿ ಮಾತ್ರ ನಕ್ಕಿತು. ಕ್ಯಾರಿಯರ್ ಅವನ ಕಡೆ ಸರಿಸಿದಳು.

"ಊಟ ಮಾಡಿಲ್ಲ. ನೀವು?"

"ಇಲ್ಲ."

"ಹಂಗಾದ್ರೆ ಬೇಗ ಬರ್ಕೊಳ್ಳಿ," ಅಂದು ಮಧುಶ್ರೀ ಮೊದಲ ಅಂಕಿ ಓದಿದಳು.